ಎಳೆಗೂಸಿನ ಇಸುಬಿಗೆ ಆರೈಕೆ: ಸ್ನಾನದಿಂದಲೇ ಶುರು ಮಾಡಿ

ಮಗುವಿನ ಕೆನ್ನೆ ಕೆಂಪಾಗಿ ಒರಟಾಗಿದೆಯಾ? ಎತ್ತಿಕೊಂಡಾಗಲೆಲ್ಲ ನಿಮ್ಮ ಹೆಗಲಿಗೆ ಮುಖ ಉಜ್ಜುತ್ತದಾ? ಇಸುಬು, ಅಂದರೆ ಎಕ್ಸಿಮಾ ಇರಬಹುದು. ಮಕ್ಕಳ ಡಾಕ್ಟರಿಗೆ ತೋರಿಸಿ. ಇದು ಅಂಟುವುದಿಲ್ಲ. ಬಾಣಂತಿ ಏನೋ ತಿಂದಳು, ಅದಕ್ಕೇ ಬಂತು ಅಂತ ಸುಮ್ನೆ ಅವಳ ಊಟಕ್ಕೆ ಪಥ್ಯ ಹಾಕಬೇಡಿ, ಎದೆಹಾಲಂತೂ ನಿಲ್ಲಿಸಲೇಬೇಡಿ.

ಮೊದಲು ಬದಲಾಗಬೇಕಾದದ್ದು ಸ್ನಾನ. ಹಂಡೆಯ ಸುಡುನೀರು, ಕಡಲೆಹಿಟ್ಟಿನ ಉಜ್ಜಾಟ, ಕೊನೆಗೆ ಸಾಂಬ್ರಾಣಿ ಹೊಗೆ, ಇವೆಲ್ಲ ಅಜ್ಜಿ ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಇಸುಬಿನ ಚರ್ಮ ಮೊದಲೇ ಒಣಗಿರುತ್ತದೆ, ಇದರಿಂದ ಇನ್ನೂ ಕೆರಳುತ್ತದೆ. ನೀರು ಉಗುರುಬೆಚ್ಚಗಿರಲಿ, 5ರಿಂದ 10 ನಿಮಿಷ ಸಾಕು. ಸೋಪಿನ ಬದಲು ವಾಸನೆಯಿಲ್ಲದ ಬೇಬಿ ಕ್ಲೆನ್ಸರ್, ಅದೂ ಸ್ವಲ್ಪ. ಸಾಸಿವೆ ಎಣ್ಣೆ, ಆಲಿವ್ ಎಣ್ಣೆ, ಅರಿಶಿನ, ಪೌಡರ್ ಬೇಡ.

ಆಮೇಲೆ ಮೆತ್ತನೆಯ ಹತ್ತಿ ಬಟ್ಟೆಯಿಂದ ಒತ್ತಿ ಒತ್ತಿ ನೀರು ತೆಗೆಯಿರಿ, ಉಜ್ಜಬೇಡಿ. ಮೈ ಇನ್ನೂ ಸ್ವಲ್ಪ ಹಸಿಯಾಗಿರುವಾಗಲೇ, ಸುಮಾರು 3 ನಿಮಿಷದೊಳಗೆ, ವಾಸನೆಯಿಲ್ಲದ ದಪ್ಪ ಮಾಯಿಶ್ಚರೈಸರ್ ಹಚ್ಚಿ. ಕೂದಲು ಬೆಳೆಯುವ ದಿಕ್ಕಿನಲ್ಲೇ, ಮೇಲಿಂದ ಕೆಳಕ್ಕೆ ಸವರಿ. ಕೈಗೆ ಜಿಪುಣತನ ಬೇಡ, ಮೈಯೆಲ್ಲ ಮಿರಮಿರ ಅನ್ನಬೇಕು. ದಿನಕ್ಕೆ ಕನಿಷ್ಠ 2 ಸಲ, ಚಳಿಗಾಲದಲ್ಲಿ ಇನ್ನೂ ಜಾಸ್ತಿ. ಚರ್ಮ ನಯವಾಯಿತು ಅಂತ ಬಿಟ್ಟರೆ ಮತ್ತೆ ಬರುತ್ತದೆ. ಡಬ್ಬಿಗೆ ಬೆರಳು ಅದ್ದದೆ ಶುದ್ಧ ಚಮಚದಲ್ಲಿ ತೆಗೆಯಿರಿ. ಒಂದು ಮಾತು ಮರೆಯಬೇಡಿ: ಜಿಡ್ಡಿನ ಮುಲಾಮು ಹಿಡಿದ ಬಟ್ಟೆಗೆ ಬೇಗ ಬೆಂಕಿ ತಗಲುತ್ತದೆ, ಕೆಂಡ, ದೀಪದ ಹತ್ತಿರ ಮಗುವನ್ನು ಒಯ್ಯಬೇಡಿ.

ಜೊಲ್ಲು ಸುರಿದು ಗಲ್ಲ ಕೆರಳುತ್ತಿದ್ದರೆ ಹಾಲು ಕುಡಿಸುವ ಮೊದಲು ತೆಳ್ಳಗೆ ವ್ಯಾಸಲಿನ್ ಸವರಿ. ಉಗುರು ಕತ್ತರಿಸುತ್ತಿರಿ. ಉಣ್ಣೆ ಟೋಪಿ, ಸ್ವೆಟರ್ ನೇರವಾಗಿ ಮೈಗೆ ತಾಗದಿರಲಿ, ಒಳಗೆ ಹತ್ತಿಯದ್ದು ಹಾಕಿ.

ಡಾಕ್ಟರು ಸ್ಟೆರಾಯ್ಡ್ ಮುಲಾಮು ಬರೆದುಕೊಟ್ಟರೆ ಹೆದರಬೇಡಿ. ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿದರೆ ಒಳ್ಳೆಯದೇ ಆಗುತ್ತದೆ. ಆದರೆ ಮೆಡಿಕಲ್ ಶಾಪಿನವರು ಕೊಟ್ಟ ತುರಿಕೆ ಟ್ಯೂಬನ್ನು ಕೂಸಿಗೆ ಖಂಡಿತ ಹಚ್ಚಬೇಡಿ. ಅಂಥವುಗಳಲ್ಲಿ ಎಷ್ಟೋ ಸಲ ಜೋರಾದ ಸ್ಟೆರಾಯ್ಡ್ ಇರುತ್ತದೆ.

ಹಳದಿ ಹಕ್ಕಳೆ ಕಟ್ಟಿದರೆ, ರಸಿಕೆ ಸುರಿದರೆ ಅವತ್ತೇ ತೋರಿಸಿ. ಜ್ವರದ ಜೊತೆ ಒಂದೇ ಥರದ ನೀರುಗುಳ್ಳೆಗಳು ಗುಂಪಾಗಿ ಎದ್ದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಓಡಿ. ತುಟಿಯ ಮೇಲೆ ಜ್ವರದ ಗುಳ್ಳೆ ಎದ್ದವರು ಯಾರೇ ಆಗಲಿ, ಅದು ವಾಸಿಯಾಗುವವರೆಗೆ ಮಗುವಿಗೆ ಮುತ್ತು ಕೊಡದಿರಲಿ.