ಮೃಗಾಲಯದ ಕಸ: ಬೋನಿನ ಬಾಗಿಲಲ್ಲೇ ಬೇರ್ಪಡಿಸುವ ಕ್ರಮ

2019ರ ಆಗಸ್ಟ್ ಮಳೆಯಲ್ಲಿ ಪಚ್ಚನಾಡಿಯ ಕಸದ ಗುಡ್ಡ ಜಾರಿ ಪಕ್ಕದ ಮಂದಾರ ಎಂಬಲ್ಲಿನ ಮನೆ, ತೋಟಗಳನ್ನು ಮುಚ್ಚಿದ್ದನ್ನು ಮಂಗಳೂರಿನವರು ಮರೆತಿಲ್ಲ. ಅಲ್ಲಿಂದ ದೂರವಿಲ್ಲದ ಪಿಲಿಕುಳದಂಥ ಜೈವಿಕ ಉದ್ಯಾನದಲ್ಲಿ ದಿನವೂ ಸೇರುವ ಸಗಣಿ, ಹಿಕ್ಕೆ, ಉಳಿದ ಮೇವು, ಮಾಂಸದ ಚೂರುಗಳಾಗಲಿ, ಸಂದರ್ಶಕರು ಬಿಟ್ಟುಹೋಗುವ ಬಾಟಲಿಗಳಾಗಲಿ ಒಂದೇ ಲಾರಿ ಹತ್ತಿ ಊರಿನ ರಾಶಿಗೆ ಸೇರಬೇಕಾಗಿಲ್ಲ. ಅದರಲ್ಲಿ ದೊಡ್ಡ ಪಾಲನ್ನು ಆವರಣದೊಳಗೇ ಗೊಬ್ಬರ ಮಾಡಬಹುದು. ಆದರೆ ಪ್ರಾಣಿಪಾಲಕರು ಬೋನು ಗುಡಿಸುವಾಗಲೇ ಕಸವನ್ನು ಬೇರ್ಪಡಿಸಬೇಕು. ಒಮ್ಮೆ ಬೆರೆತ ಹುಲಿಯ ಮಲವನ್ನೂ ಜಿಂಕೆಯ ಹಿಕ್ಕೆಯನ್ನೂ ಆಮೇಲೆ ಯಾರಿಂದಲೂ ಬೇರೆ ಮಾಡಲಾಗದು.

ಗೊಬ್ಬರಕ್ಕೆ ಕೈಹಾಕುವ ಮೊದಲು ಎರಡು ವಾರ ತಕ್ಕಡಿ ಹಿಡಿಯಬೇಕು. ಯಾವ ಪ್ರಾಣಿಗೆ ಎಷ್ಟು ಮೇವು ಹಾಕಲಾಯಿತು, ಎಷ್ಟು ಉಳಿಯಿತು ಎಂಬುದನ್ನು ದಿನವೂ ಬರೆದಿಟ್ಟು ಪಶುವೈದ್ಯರಿಗೆ ತೋರಿಸಿದರೆ, ನಿತ್ಯ ಉಳಿಯುವ ಮೇವಿನ ಪ್ರಮಾಣವನ್ನು ಅವರೇ ತಗ್ಗಿಸಬಲ್ಲರು.

ಚುಕ್ಕೆ ಜಿಂಕೆ, ಕಡವೆ, ಕಾಟಿಗಳ ಸಗಣಿ-ಹಿಕ್ಕೆಯಿಂದ ಗೊಬ್ಬರ ಮಾಡುವ ಬಗೆ ನಮ್ಮ ಹಟ್ಟಿಗೊಬ್ಬರಕ್ಕಿಂತ ಹೆಚ್ಚು ಬೇರೆಯೇನಲ್ಲ. ಒಂದು ಗೇಣು ಸಗಣಿ ಮತ್ತು ಹಸಿ ಮೇವು, ಅದರ ಮೇಲೆ ಎರಡು ಗೇಣು ತರಗೆಲೆ ಎಂಬಂತೆ ಪದರ ಹಾಕುತ್ತಾ, ಉದ್ದ, ಅಗಲ, ಎತ್ತರ ಮೂರೂ ಒಂದು ಮೀಟರಿಗೆ ಕಡಿಮೆಯಾಗದಂತೆ ರಾಶಿ ಕಟ್ಟಬೇಕು. ರಾಶಿ ಅದಕ್ಕಿಂತ ಚಿಕ್ಕದಾದರೆ ಬಿಸಿ ಒಳಗೆ ನಿಲ್ಲುವುದಿಲ್ಲ. ಒಳಗಿನ ಶಾಖ 55 ಡಿಗ್ರಿ ಸೆಲ್ಸಿಯಸ್ ದಾಟಿ ಕನಿಷ್ಠ ಮೂರು ದಿನ ಉಳಿದರೆ ರೋಗಾಣುಗಳೂ ಕಳೆಬೀಜಗಳೂ ಬಹುಪಾಲು ಸಾಯುತ್ತವೆ. ಹೊರಗಿನ ಭಾಗವೂ ಆ ಶಾಖಕ್ಕೆ ಸಿಗಲೆಂದೇ ರಾಶಿಯನ್ನು ಮಗುಚಬೇಕು. ಒಂದು ಹಿಡಿ ಹಿಂಡಿದಾಗ ಕೈ ತೇವವಾಗಬೇಕು, ನೀರು ಧಾರೆಯಾಗಿ ಇಳಿಯಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕರಾವಳಿಯ ಮಳೆಯಲ್ಲಿ ಈ ಹದ ಕಾಯುವುದೇ ನಿಜವಾದ ಕಷ್ಟ. ಆದ್ದರಿಂದ ರಾಶಿಯ ಮೇಲೆ ಮಾಡು ಬೇಕು, ಬೇಸಿಗೆಯಲ್ಲಿ ಉದುರುವ ತರಗೆಲೆಯನ್ನು ಸುಡದೆ ಮಳೆಗಾಲಕ್ಕೆಂದು ಒಣಗಿಸಿ ಇಡಬೇಕು, ಕೆಳಗೆ ಸಿಮೆಂಟಿನ ನೆಲವನ್ನೂ ಕಾಲುವೆಯನ್ನೂ ಮಾಡಿ ಸೋರಿದ ರಸವನ್ನು ತೊಟ್ಟಿಗೆ ಹಿಡಿಯಬೇಕು. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದಲ್ಲಿ ಕೊಳಕು ನೀರು ಬೇಗ ಇಳಿದು ನೆರೆಯವರ ಬಾವಿಗೆ ಸೇರುತ್ತದೆ ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ.

ಹುಲಿ, ಚಿರತೆ, ಸಿಂಹಗಳ ಮಲ ಈ ರಾಶಿಗೆ ಎಂದೂ ಸೇರಕೂಡದು. ಬೆಕ್ಕಿನ ಜಾತಿಯ ಪ್ರಾಣಿಗಳ ಮಲದಲ್ಲಿ ಟಾಕ್ಸೊಪ್ಲಾಸ್ಮಾದಂಥ ಪರೋಪಜೀವಿಗಳೂ ಹುಳುಗಳ ಮೊಟ್ಟೆಗಳೂ ಇರಬಹುದು. ಅವು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲವು. ಆ ಬೋನುಗಳಿಗೆ ಬೇರೆಯದೇ ಪೊರಕೆ, ಸಲಿಕೆ, ಬಕೆಟ್ ಇಟ್ಟು ಬಣ್ಣದಿಂದ ಗುರುತಿಸಬೇಕು. ಸಿರಿಂಜು, ಬ್ಯಾಂಡೇಜು ಮುಂತಾದ ಚಿಕಿತ್ಸಾಲಯದ ಕಸಕ್ಕೆ 2016ರ ಜೀವವೈದ್ಯಕೀಯ ತ್ಯಾಜ್ಯ ನಿಯಮಗಳು ಅನ್ವಯಿಸುತ್ತವೆ: ಸೂಜಿಗಳು ಚುಚ್ಚದಂತಹ ಬಿಳಿ ಡಬ್ಬಿಗೆ, ಅಂಗಾಂಶದ ಭಾಗಗಳು ಹಳದಿ ಚೀಲಕ್ಕೆ ಹೋಗಬೇಕು, ಸಂಸ್ಕರಿಸದೆ 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಬಾರದು.

ಸಂದರ್ಶಕರ ಕಸದಲ್ಲಿ ನನಗೆ ಹೆಚ್ಚು ಸಂಕಟ ತರುವುದು ಉಪ್ಪುಖಾರದ ತಿಂಡಿಯ ಪೊಟ್ಟಣ. ಉಪ್ಪಿನ ರುಚಿಗೆ ಜಿಂಕೆ ಅದನ್ನು ನುಂಗಿದರೆ ಅದು ಜೀರ್ಣವಾಗದೆ ಹೊಟ್ಟೆಯಲ್ಲೇ ಉಳಿಯುತ್ತದೆ. ಆದ್ದರಿಂದ ಪ್ರವೇಶದ್ವಾರದಲ್ಲೇ ತಿಂಡಿಯನ್ನು ಕಾಗದದ ಚೀಲಕ್ಕೆ ಸುರಿದು ಪೊಟ್ಟಣವನ್ನು ತೆಗೆದಿರಿಸಿಕೊಳ್ಳಬೇಕು. ನೀರಿನ ಬಾಟಲಿಗೆ ಚೀಟಿ ಅಂಟಿಸಿ ಠೇವಣಿ ಪಡೆದು, ಹಿಂದೆ ತಂದವರಿಗೆ ಮರಳಿಸಬೇಕು. ಒಳಗಿನ ಅಂಗಡಿಗಳಲ್ಲಿ ಅಡಿಕೆ ಹಾಳೆಯ ತಟ್ಟೆ ಸಾಕು, ಬಳಸಿದ ಮೇಲೆ ಅದನ್ನು ಹರಿದು ಗೊಬ್ಬರಕ್ಕೆ ಹಾಕಬಹುದು. ಬೊಂಡದ (ಎಳನೀರಿನ) ಚಿಪ್ಪನ್ನು ಮಾತ್ರ ಅದೇ ದಿನ ಸೀಳಿ ಕವುಚಿ ಇಡಬೇಕು, ಇಲ್ಲವಾದರೆ ಮಳೆನೀರು ನಿಂತು ಸೊಳ್ಳೆ ಮರಿಮಾಡುತ್ತದೆ. ಬಾಟಲಿ, ರಟ್ಟು ಒದ್ದೆಯಾದರೆ ಗುಜರಿಯವರು ಮುಟ್ಟುವುದಿಲ್ಲವಾದ್ದರಿಂದ ಅವಕ್ಕೂ ಒಣ ಕೋಣೆ ಬೇಕು.

ದೀಪಾವಳಿ ಕಳೆದು ನೆಲ ಒಣಗಿದ ಮೇಲೆ ಮೊದಲ ರಾಶಿ ಕಟ್ಟಿದರೆ, ಮಗುಚಿ, ಮಾಗಿಸಿ, ಜರಡಿ ಹಿಡಿದ ಗೊಬ್ಬರ ಮುಂದಿನ ಮುಂಗಾರಿನಲ್ಲಿ ಆವರಣದ ಗಿಡಮರಗಳ ಬುಡಕ್ಕೆ ಸಿದ್ಧವಾಗಿರುತ್ತದೆ.