ಬ್ಯಾಂಕಾಕ್‌ನಲ್ಲಿ ಅಮ್ಮನ ಜೊತೆ ಐದು ದಿನ, ಹೆಚ್ಚಿನದೆಲ್ಲ ದೋಣಿಯಲ್ಲೇ

ಅಮ್ಮನಿಗೆ ಅರವತ್ತೇಳು ವರ್ಷ. ಮಂಡಿನೋವು ಇದೆ. ಮೊಟ್ಟೆ, ಮೀನು ಹತ್ತಿರಕ್ಕೂ ಬರಬಾರದು. ಅಲ್ಲಿಯವರೆಗೆ ವಿಮಾನ ಹತ್ತಿದವಳಲ್ಲ. "ಬ್ಯಾಂಕಾಕಾ? ಅಲ್ಲಿ ನಂಗೇನು ಕೆಲಸ ಮಾರಾಯ್ತಿ?" ಅಂತ ಎರಡು ತಿಂಗಳು ಮುಂದೆ ಹಾಕುತ್ತಲೇ ಬಂದಳು. ಅಲ್ಲಿ ಅರ್ಧ ಊರನ್ನು ದೋಣಿಯಲ್ಲೇ ತಿರುಗಬಹುದು ಎಂದ ಮೇಲೆ ಒಪ್ಪಿದಳು. ಸಾಗರದವಳು, ಸಿಗಂದೂರು ಲಾಂಚ್ ಎಷ್ಟು ಸಲ ಹತ್ತಿಳಿದಿದ್ದಾಳೋ ಲೆಕ್ಕವಿಲ್ಲ. ಬಸ್ಸೆಂದರೆ ವಾಂತಿ, ನೀರಿನ ಮೇಲೆ ಮಾತ್ರ ಆರಾಮ.

ನಾವು ಹೋಗಿದ್ದು 2024ರ ನವೆಂಬರ್‌ನಲ್ಲಿ. ಬೆಂಗಳೂರಿನಿಂದ ನೇರ ವಿಮಾನದಲ್ಲಿ ನಾಲ್ಕು ಗಂಟೆ ಆಸುಪಾಸು. ಮಳೆಗಾಲ ಮುಗಿದಿರುತ್ತದೆ, ಏಪ್ರಿಲ್‌ನ ಸುಡುಬಿಸಿಲು ಇರುವುದಿಲ್ಲ. ಆದರೂ ಮಧ್ಯಾಹ್ನ ಸೆಕೆ ಜಾಸ್ತಿಯೇ. ಅದಕ್ಕೇ ದಿನಕ್ಕೆ ಬೆಳಗ್ಗೆ ಒಂದು ಜಾಗ, ಸಂಜೆ ಒಂದು ಜಾಗ ಅಷ್ಟೇ ಇಟ್ಟುಕೊಂಡೆ. ಹನ್ನೆರಡರಿಂದ ಮೂರರವರೆಗೆ ರೂಮಿನಲ್ಲಿ ಮಲಗುವುದು. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಇದೊಂದನ್ನು ಬಿಡಬೇಡಿ. ಇನ್ನೊಂದು ವಿಷಯ, 2025ರ ಮೇ 1ರಿಂದ ಥಾಯ್ಲೆಂಡಿಗೆ ಹೋಗುವವರು ಆನ್‌ಲೈನಿನಲ್ಲಿ ಒಂದು ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. ಅದು ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಸಿಕ್ಕರೆ ಮುಚ್ಚಿಬಿಡಿ.

ರೂಮನ್ನು ಸಫಾನ್ ತಕ್ಸಿನ್ ಎಂಬ ಬಿಟಿಎಸ್ ಸ್ಟೇಷನ್ ಹತ್ತಿರ ಹಿಡಿದಿದ್ದೆ. ಬಿಟಿಎಸ್ ಎಂದರೆ ನಮ್ಮ ಮೆಟ್ರೋ ಥರ ಕಂಬಗಳ ಮೇಲೆ ಓಡುವ ರೈಲು. ಆ ಸ್ಟೇಷನ್ ಇಳಿದರೆ ಎದುರಿಗೇ ಚಾವೊ ಫ್ರಾಯಾ ನದಿ ಮತ್ತು ಸಾಥೋನ್ ಜೆಟ್ಟಿ. ಇಡೀ ಪ್ರವಾಸದಲ್ಲಿ ನಾನು ಮಾಡಿದ ಒಳ್ಳೆಯ ತೀರ್ಮಾನ ಅದೇ. ಬ್ಯಾಂಕಾಕ್‌ನ ರಸ್ತೆಗಳಲ್ಲಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಅರ್ಧ ದಿನ ಹೋಯಿತು. ನದಿಯಲ್ಲಿ ಸಿಗ್ನಲ್ ಇಲ್ಲ.

ಜೆಟ್ಟಿಯಲ್ಲಿ ಮೊದಲು ಕಾಣುವುದು ಪ್ರವಾಸಿಗರ ದೋಣಿಯ ಕೌಂಟರ್. ನೀಲಿ ಬಾವುಟ, ರೇಟು ಜಾಸ್ತಿ. ಊರಿನ ಜನ ಹತ್ತುವುದು ಕಿತ್ತಳೆ ಬಾವುಟದ ದೋಣಿ. 2024ರಲ್ಲಿ ಎಲ್ಲಿಗೆ ಹೋದರೂ 16 ಬಾತ್. ಆಗ ಒಂದು ಬಾತ್‌ಗೆ ಎರಡೂವರೆ ರೂಪಾಯಿ ಲೆಕ್ಕ ಹಿಡಿದರೆ ನಲವತ್ತು ರೂಪಾಯಿ. ಕಂಡಕ್ಟರಮ್ಮ ಉದ್ದನೆಯ ತಗಡಿನ ಡಬ್ಬಿಯನ್ನು ಕಟಕಟ ಅಲ್ಲಾಡಿಸುತ್ತಾ ಬರುತ್ತಾಳೆ. ಚಿಲ್ಲರೆ, ಟಿಕೆಟ್ ಎರಡೂ ಅದರೊಳಗೇ. ಬೌದ್ಧ ಭಿಕ್ಷುಗಳಿಗೆ ಬೇರೆ ಜಾಗ ಇರುತ್ತದೆ. ಹೆಂಗಸರು ಅವರಿಗೆ ತಾಗದಂತೆ ನಿಲ್ಲಬೇಕು. ಅಮ್ಮ ಎರಡನೇ ದಿನಕ್ಕೇ ಚಿಲ್ಲರೆ ಕೈಯಲ್ಲಿ ಹಿಡಿದು ಕೂರುತ್ತಿದ್ದಳು.

ಮೊದಲ ಬೆಳಗ್ಗೆ ಅರಮನೆ, ಅಂದರೆ ಗ್ರ್ಯಾಂಡ್ ಪ್ಯಾಲೇಸ್. ಎಂಟೂವರೆಗೆ ಬಾಗಿಲು ತೆರೆಯುತ್ತದೆ, ಆ ಹೊತ್ತಿಗೇ ಅಲ್ಲಿರಬೇಕು. ಮಂಡಿ, ಭುಜ ಮುಚ್ಚುವ ಬಟ್ಟೆ ಕಡ್ಡಾಯ. ಅಮ್ಮನ ಸೀರೆಗೆ ಏನೂ ತೊಂದರೆ ಆಗಲಿಲ್ಲ. ಗೋಡೆಯ ಪಕ್ಕ ನಡೆಯುವಾಗ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಒಬ್ಬ ಬಂದು, "ಇವತ್ತು ಪೂಜೆ ಇದೆ, ಅರಮನೆ ಮುಚ್ಚಿದೆ, ಬೇರೆ ದೇವಸ್ಥಾನಕ್ಕೆ ಟುಕ್‌ಟುಕ್ ಮಾಡಿಕೊಡುತ್ತೇನೆ" ಎಂದು ಇಂಗ್ಲಿಷಿನಲ್ಲಿ ಹೇಳಿದ. ಇದು ಬಹಳ ಹಳೆಯ ಮೋಸ. ಹತ್ತಿಸಿಕೊಂಡು ಹರಳಿನ ಅಂಗಡಿಗೆ ಬಿಡುತ್ತಾರೆ. ಸುಮ್ನೆ ನಕ್ಕು ಮುಂದೆ ನಡೆಯಿರಿ. ಬಾಗಿಲು ತೆರೆದೇ ಇರುತ್ತದೆ.

ಒಳಗೆ ಪಚ್ಚೆ ಬುದ್ಧನ ದೇವಸ್ಥಾನ. ಮೂರ್ತಿ 66 ಸೆಂಟಿಮೀಟರ್ ಅಷ್ಟೇ, ಎತ್ತರದಲ್ಲಿ ಕೂತಿದೆ. ವರ್ಷಕ್ಕೆ ಮೂರು ಸಲ, ಋತು ಬದಲಾದಾಗ, ಬಟ್ಟೆ ಬದಲಿಸುತ್ತಾರೆ. ಆದರೆ ಅಮ್ಮ ನಿಂತುಬಿಟ್ಟಿದ್ದು ಸುತ್ತಲಿನ ಮೊಗಸಾಲೆಯಲ್ಲಿ. ಅಲ್ಲಿ 178 ಚಿತ್ರಗಳಲ್ಲಿ ಅವರ ರಾಮಾಯಣ ಇದೆ, ರಾಮಕಿಯನ್ ಎನ್ನುತ್ತಾರೆ. ಅಲ್ಲಿನ ರಾವಣನ ಹೆಸರು ತೋಸಕನ್. ನಾನು ಜೋರಾಗಿ ಓದಿದೆ. ಅಮ್ಮ ಎರಡು ಸಲ ಬಾಯಲ್ಲೇ ಹೇಳಿಕೊಂಡು, "ದಶಕಂಠ ಅಲ್ವನೇ ಅದು?" ಎಂದಳು. ಹೌದು, ಅದೇ. ಮುಂದೆ ಸೇತುವೆ ಕಟ್ಟುವ ಕಥೆ. ಅವರ ರಾಮಾಯಣದಲ್ಲಿ ರಾವಣನ ಮಗಳು ಸುವರ್ಣ ಮತ್ಸ್ಯ ಬಂದು ಕಲ್ಲು ಕದಿಯುತ್ತಾಳೆ, ಹನುಮಂತ ಅವಳನ್ನು ಹಿಡಿಯಲು ಹೋಗಿ ಪ್ರೀತಿಸಿಬಿಡುತ್ತಾನೆ, ಮಗನೂ ಹುಟ್ಟುತ್ತಾನೆ. ಇದನ್ನು ಹೇಳಲೋ ಬೇಡವೋ ಅಂತ ಯೋಚಿಸಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅವರ ಹನುಮಂತ ಅವರಿಗೆ" ಎಂದು ಮುಂದಿನ ಚಿತ್ರಕ್ಕೆ ಹೋದಳು. ಒಂದೂವರೆ ಗಂಟೆ ಅಲ್ಲೇ ಕಳೆಯಿತು. ಗೈಡ್ ಬೇಕೆನಿಸಲಿಲ್ಲ.

ಆಮೇಲೆ ಐದೂ ದಿನ, ಥಾಯ್ ಪದದೊಳಗೆ ನಮ್ಮ ಪದ ಹುಡುಕುವ ಇದೇ ಆಟ ನಡೆಯಿತು. ಊರಿನ ಹೆಸರು ಕ್ರುಂಗ್ ಥೆಪ್ ಮಹಾನಖೋನ್. ಥೆಪ್ ಎಂದರೆ ದೇವ, ಮಹಾನಖೋನ್ ಎಂದರೆ ಮಹಾನಗರ. ಊಟಕ್ಕೆ ಆಹಾನ್, ಅದು ಆಹಾರ. ಹಾರಕ್ಕೆ ಮಾಲೈ. ನಮಸ್ಕಾರಕ್ಕೆ ಸವಾತ್‌ದೀ, ನಮ್ಮ ಸ್ವಸ್ತಿ. ಕನ್ನಡ ಬಲ್ಲವರಿಗೆ ಬ್ಯಾಂಕಾಕ್‌ನಲ್ಲಿ ಇಷ್ಟು ಮಜಾ ಕೊಡುವ, ಇಷ್ಟು ಅಗ್ಗದ ಆಟ ಇನ್ನೊಂದಿಲ್ಲ.

ಅರಮನೆ ಪಕ್ಕದ ವಾಟ್ ಪೋಗೆ ಸಂಜೆ ಹೋದೆವು. ವಾಟ್ ಎಂದರೆ ದೇವಸ್ಥಾನ. ಮಲಗಿದ ಬುದ್ಧ 46 ಮೀಟರ್ ಉದ್ದ. ಅಂಗಾಲಿನಲ್ಲಿ ಮುತ್ತಿನ ಚಿಪ್ಪಿನಿಂದ 108 ಮಂಗಳ ಚಿಹ್ನೆಗಳನ್ನು ಕೂರಿಸಿದ್ದಾರೆ. ಹಿಂಭಾಗದಲ್ಲಿ ಸಾಲಾಗಿ 108 ಕಂಚಿನ ಪಾತ್ರೆ, ಒಂದೊಂದಕ್ಕೂ ಒಂದು ನಾಣ್ಯ ಹಾಕುತ್ತಾ ನಡೆಯಬೇಕು. ಟಿಣ್ ಟಿಣ್ ಸದ್ದು ಇಡೀ ಕಟ್ಟಡದಲ್ಲಿ ತುಂಬಿಕೊಂಡಿರುತ್ತದೆ. ಅಲ್ಲಿಂದ ತಾ ತಿಯನ್ ಜೆಟ್ಟಿಗೆ ನಡೆದು, ಐದು ಬಾತ್ ಕೊಟ್ಟು ನದಿ ದಾಟಿದರೆ ವಾಟ್ ಅರುಣ್. ಅರುಣ ಎಂದರೆ ಯಾರೆಂದು ಅಮ್ಮನಿಗೆ ಹೇಳಬೇಕಿರಲಿಲ್ಲ. ಗೋಪುರದ ಮೈತುಂಬ ಪಿಂಗಾಣಿ ಚೂರುಗಳ ಹೂವು. ಮೆಟ್ಟಿಲು ಬಹಳ ಕಡಿದು, ಅಮ್ಮ ಕೆಳಗೇ ಕೂತಳು. ಥಾಯ್ ಹುಡುಗಿಯರು ಬಾಡಿಗೆಗೆ ರೇಷ್ಮೆ ಉಡುಗೆ ತೊಟ್ಟು ಫೋಟೋ ತೆಗೆಸಿಕೊಳ್ಳುವುದನ್ನು ನೋಡುತ್ತಾ ಅವಳಿಗೆ ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ. ಒಂದು ಎಚ್ಚರಿಕೆ: ದೋಣಿ ಅಗ್ಗ, ದೇವಸ್ಥಾನ ಅಗ್ಗವಲ್ಲ. ಅರಮನೆ 500, ವಾಟ್ ಪೋ 300, ವಾಟ್ ಅರುಣ್ 200. ಮೂರಕ್ಕೆ ಒಬ್ಬರಿಗೆ ಸಾವಿರ ಬಾತ್ ಆಯಿತು.

ಊಟದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆಯವರು ಹಿಂಜರಿಯುವುದು ಅದಕ್ಕೇ. ನಾನು ಕಲಿತುಕೊಂಡು ಹೋಗಿದ್ದ ಪದ ಮಂಗ್‌ಸವಿರಾತ್, ಅಂದರೆ ಮಾಂಸ ವಿರತಿ. ಅದು ಸಾಲಲಿಲ್ಲ. ಮೊದಲ ದಿನ ಒಂದು ಅಂಗಡಿಯಲ್ಲಿ ಹಾಗೆಂದು ಕೇಳಿ ನೂಡಲ್ಸ್ ತೆಗೆದುಕೊಂಡೆವು. ತುಂಡೇನೂ ಇರಲಿಲ್ಲ, ಆದರೆ ಬಾಯಿ ಹತ್ತಿರ ತಂದಾಗಲೇ ವಾಸನೆ. ನಾಮ್ ಪ್ಲಾ, ಅಂದರೆ ಮೀನಿನ ಸಾಸ್. ಅಮ್ಮ ತಟ್ಟೆ ಸರಿಸಿ, ಮಾತಾಡದೆ ಬಾಳೆಹಣ್ಣು ತಿಂದಳು. ನನಗೆ ಅಳು ಬಂತು. ರಾತ್ರಿ ಹೋಟೆಲಿನ ಹುಡುಗಿ ಸರಿಯಾದ ಪದ ಹೇಳಿಕೊಟ್ಟಳು: ಜೇ. ಚೀನೀ ಬೌದ್ಧರ ಪದ್ಧತಿಯ ಅಡುಗೆ. ಮಾಂಸ, ಮೊಟ್ಟೆ, ಹಾಲು, ಮೀನಿನ ಸಾಸ್ ಯಾವುದೂ ಇಲ್ಲ, ಬೆಳ್ಳುಳ್ಳಿ ಈರುಳ್ಳಿಯೂ ಇಲ್ಲ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಕಂಡರೆ ಅದು ಜೇ ಅಂಗಡಿ. "ಕಿನ್ ಜೇ ಖಾ" ಎಂದರೆ ಸಾಕು. ಗಂಡಸರು ಖಾ ಬದಲು ಖ್ರಾಪ್ ಎನ್ನಬೇಕು. ಮಾರನೇ ದಿನದಿಂದ ಅಮ್ಮ ಹೊಟ್ಟೆ ತುಂಬ ಉಂಡಳು. ಅನ್ನ, ತೋಫು, ಬದನೆ ಹಾಕಿದ ತೆಂಗಿನಹಾಲಿನ ಹಸಿರು ಸಾರು.

ಬೀದಿಯಲ್ಲಿ ಖನೊಮ್ ಖ್ರೋಕ್ ಎಂಬ ತಿಂಡಿ ಸಿಗುತ್ತದೆ. ಅಕ್ಕಿಹಿಟ್ಟು, ತೆಂಗಿನಹಾಲು. ಮಾಡುವುದು ನಮ್ಮ ಪಡ್ಡಿನ ಕಾವಲಿಯಂಥದ್ದೇ ಕಾವಲಿಯಲ್ಲಿ. ಹೊರಗೆ ಗರಿಗರಿ, ಒಳಗೆ ಗಂಜಿಯಷ್ಟು ಮೆತ್ತಗೆ. ಅಮ್ಮ ನಿಂತು ಕಾವಲಿಯ ಗುಳಿ ಎಣಿಸಿದಳು.

ಶನಿವಾರ ಅಮ್ಮನಿಗೆ ವಿಶ್ರಾಂತಿ, ನಾನೊಬ್ಬಳೇ ಬಾಂಗ್ ಕ್ರಾಚಾವೊಗೆ ಹೋದೆ. ನದಿ ಒಂದು ದೊಡ್ಡ ಸುತ್ತು ಹಾಕಿ ಬರುವ ಜಾಗ, ನಡುವೆ ಪೂರ್ತಿ ಹಸಿರು. ಖ್ಲಾಂಗ್ ತೋಯ್ ಕಡೆಯ ಜೆಟ್ಟಿಯಿಂದ ಸಣ್ಣ ದೋಣಿಯಲ್ಲಿ ದಾಟಿದರೆ ದಡದಲ್ಲೇ ಸೈಕಲ್ ಬಾಡಿಗೆಗೆ ಸಿಗುತ್ತದೆ. ಹಿಂದೆ ಗಗನಚುಂಬಿ ಕಟ್ಟಡಗಳು, ಮುಂದೆ ತೆಂಗು, ಜವುಗು, ಕೀಟದ ಸದ್ದು. ಕೆಸರಿನ ಮೇಲೆ ಎತ್ತರಿಸಿ ಕಟ್ಟಿದ ಕಾಂಕ್ರೀಟ್ ದಾರಿಗಳ ಮೇಲೆ ಸೈಕಲ್ ಹೊಡೆಯಬೇಕು. ಕೆಲವು ಕಡೆ ಪಕ್ಕಕ್ಕೆ ಕಂಬಿ ಇಲ್ಲ, ಎದುರಿಂದ ಬೈಕ್ ಬಂದರೆ ಇಳಿದು ನಿಲ್ಲುವುದೇ ಸರಿ. ನನ್ನ ಸೈಕಲ್ಲಿನ ಬ್ರೇಕ್ ಅರ್ಧ ದಾರಿಯಲ್ಲಿ ಸಡಿಲವಾಯಿತು. ತೆಗೆದುಕೊಳ್ಳುವಾಗ ಒಂದು ಸುತ್ತು ಓಡಿಸಿ ನೋಡಿ. ವಾರಾಂತ್ಯದಲ್ಲಿ ಅಲ್ಲೇ ಬಾಂಗ್ ನಾಮ್ ಫುಂಗ್ ಎಂಬ ನೀರಿನ ಪಕ್ಕದ ಸಂತೆ ಇದೆ, ಹೆಚ್ಚಾಗಿ ಊರಿನವರೇ ಬರುತ್ತಾರೆ. ದೊಡ್ಡ ಹೆಸರಿನ ತೇಲುವ ಸಂತೆ ನೋಡಲು ನೂರು ಕಿಲೋಮೀಟರ್ ವ್ಯಾನಿನಲ್ಲಿ ಕೂರುವುದಕ್ಕಿಂತ ಇದು ನೂರು ಪಾಲು ಮೇಲು. ಆನೆ ಸವಾರಿ, ಹುಲಿ ಜೊತೆ ಫೋಟೋ ಇವಕ್ಕೆ ನಾವು ಹೋಗಲಿಲ್ಲ, ನೀವೂ ಹೋಗಬೇಡಿ.

ಭಾನುವಾರ ಸೆನ್ ಸೆಪ್ ಕಾಲುವೆ. ಇದು ನದಿಯಂತಲ್ಲ, ಮನೆಗಳ ಹಿತ್ತಿಲಿಗೆ ತಾಗಿಕೊಂಡೇ ದೋಣಿ ಓಡುತ್ತದೆ. ಜೆಟ್ಟಿಯಲ್ಲಿ ನಿಲ್ಲುವುದು ಕೆಲವೇ ಸೆಕೆಂಡು, ಹಗ್ಗ ಹಿಡಿದು ಒಳಗೆ ಕಾಲಿಡಬೇಕು. ವಾರದ ದಿನ ಆಫೀಸಿನವರ ನೂಕುನುಗ್ಗಲು, ಅದಕ್ಕೇ ಭಾನುವಾರ ಬೆಳಗ್ಗೆ ಇಟ್ಟುಕೊಂಡಿದ್ದೆ. ಹುವಾ ಚಾಂಗ್ ಜೆಟ್ಟಿಯಲ್ಲಿ ನಾನು ಕೈ ಹಿಡಿಯುವಷ್ಟರಲ್ಲಿ ಅಮ್ಮ ಸೆರಗು ಸಿಕ್ಕಿಸಿಕೊಂಡು ದಾಟಿ ಕೂತಾಗಿತ್ತು. ಹೆಲ್ಮೆಟ್ ಹಾಕಿದ ಕಂಡಕ್ಟರ್ ದೋಣಿಯ ಅಂಚಿನ ಮೇಲೆ ನಡೆದು ಬಂದು ದುಡ್ಡು ಕೇಳುತ್ತಾನೆ. ನೀರು ಎರಚಿದರೆ ಪಕ್ಕದವರು ಹಗ್ಗ ಎಳೆದು ಪ್ಲಾಸ್ಟಿಕ್ ಪರದೆ ಏರಿಸುತ್ತಾರೆ. ಆ ಹಗ್ಗ ಅಮ್ಮನ ಕೈಗೇ ಬಂತು. ಕೊನೆಯ ಜೆಟ್ಟಿ ಫಾನ್ ಫಾ. ಹತ್ತಿರದಲ್ಲೇ ವಾಟ್ ಸಕೇತ್‌ನ ಚಿನ್ನದ ಗುಡ್ಡ, 344 ಮೆಟ್ಟಿಲು. ಸುತ್ತಿಕೊಂಡು ಹೋಗುವ ತಗ್ಗು ಮೆಟ್ಟಿಲುಗಳು, ದಾರಿಯಲ್ಲಿ ಬಾರಿಸಲು ಗಂಟೆಗಳು. ಮೂರು ಕಡೆ ಕೂತು ಅಮ್ಮ ಮೇಲೆ ಬಂದಳು.

ಶುಕ್ರವಾರದ ಕಥೆಯನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಆವತ್ತು ನವೆಂಬರ್ 15, ನಮಗೆ ಕಾರ್ತಿಕ ಹುಣ್ಣಿಮೆ, ಅವರಿಗೆ ಲೋಯ್ ಕ್ರಥೊಂಗ್ ಹಬ್ಬ. ಪ್ರವಾಸದ ತಾರೀಖನ್ನು ನಾನು ಇದಕ್ಕೇ ಹೊಂದಿಸಿದ್ದು. ಬೆಳಗ್ಗೆ ಪಾಕ್ ಖ್ಲಾಂಗ್ ತಲಾತ್ ಹೂವಿನ ಮಾರುಕಟ್ಟೆಗೆ ಹೋದೆವು. ಚೆಂಡುಹೂವು, ಮಲ್ಲಿಗೆ, ತಾವರೆ ಮೊಗ್ಗು ರಾಶಿ ರಾಶಿ. ಎಲ್ಲ ಅಂಗಡಿಯ ಮುಂದೆ ಹೆಂಗಸರು ಕೂತು ಬಾಳೆದಿಂಡಿನ ಬಿಲ್ಲೆಯ ಸುತ್ತ ಬಾಳೆಎಲೆ ಮಡಚಿ ಸಿಕ್ಕಿಸುತ್ತಿದ್ದರು. ಕ್ರಥೊಂಗ್ ಎಂದರೆ ದೊನ್ನೆ, ಹಬ್ಬದ ಸಂಜೆ ನೀರಿಗೆ ತೇಲಿಬಿಡುವುದು. ಅದರಲ್ಲಿ ಹೂವು, ಮೇಣದಬತ್ತಿ, ಮೂರು ಊದುಬತ್ತಿ.

ಅಮ್ಮ ನೋಡುತ್ತಾ ನಿಂತವಳು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಒಂದು ಎಲೆ ತೆಗೆದುಕೊಂಡಳು. ಮಂಡಿನೋವು ಎಲ್ಲಿ ಹೋಯಿತೋ. ಅಂಗಡಿಯ ಅಜ್ಜಿ ಪಿನ್ನಿನ ಡಬ್ಬಿ ಮುಂದೆ ತಳ್ಳಿದಳು. ಅಮ್ಮ ಬೇಡವೆಂದು, ದಿಂಡಿನಿಂದ ಬಾಳೆನಾರು ಸೀಳಿ ಕಟ್ಟಿ ತೋರಿಸಿದಳು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ, ಮುಕ್ಕಾಲು ಗಂಟೆ ಮಾತಾಡಿದರು. ನಾನು ಹೂವಿನ ದುಡ್ಡು ಕೊಟ್ಟೆ, ದಿಂಡಿಗೆ ಅಜ್ಜಿ ತೆಗೆದುಕೊಳ್ಳಲಿಲ್ಲ.

ಸಂಜೆ ದೊಡ್ಡ ಜೆಟ್ಟಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಾವು ರೂಮಿನ ಹತ್ತಿರದ ಸಣ್ಣ ದೇವಸ್ಥಾನವೊಂದರ ಮೆಟ್ಟಿಲಿಗೆ ಹೋದೆವು. ಪಕ್ಕದಲ್ಲಿದ್ದ ಥಾಯ್ ಹೆಂಗಸು ಕೈಮುಗಿದು ಏನೋ ಹೇಳಿಕೊಳ್ಳುತ್ತಿದ್ದಳು. ಯಾರಿಗೆ ಬೇಡುತ್ತೀರಿ ಎಂದು ಕೇಳಿದೆ. "ಮೇ ಖೋಂಗ್‌ಖಾ" ಎಂದಳು. ಬೇಡುವುದಲ್ಲ, ವರ್ಷವಿಡೀ ನಿನ್ನನ್ನು ಬಳಸಿದ್ದೇವೆ, ಕೊಳೆ ಮಾಡಿದ್ದೇವೆ, ಕ್ಷಮಿಸು ಎನ್ನುವುದಂತೆ. ಮೇ ಎಂದರೆ ಅಮ್ಮ. ಈ ಸಲ ಪದ ಬಿಡಿಸುವ ಕೆಲಸ ಬೀಳಲಿಲ್ಲ. "ಗಂಗಮ್ಮ" ಎಂದಳು ಅಮ್ಮ, ದೊನ್ನೆಯನ್ನು ನೀರಿಗೆ ಬಿಟ್ಟಳು.

ರಾತ್ರಿ ಅವಳಿಗೆ ಒಂದೇ ಯೋಚನೆ, ಇಷ್ಟೊಂದು ಬಿಟ್ಟರೆ ಹೊಳೆಯ ಗತಿ ಏನು ಎಂದು. ನಗರಪಾಲಿಕೆಯವರು ರಾತ್ರೋರಾತ್ರಿ ಎತ್ತುತ್ತಾರೆ, ಎಣಿಸುತ್ತಾರೆ ಕೂಡ. ಆ ವರ್ಷ ಐದು ಲಕ್ಷಕ್ಕೂ ಜಾಸ್ತಿ ಎತ್ತಿದರು, ಹೆಚ್ಚುಕಮ್ಮಿ ಎಲ್ಲವೂ ಎಲೆ, ದಿಂಡು, ಬ್ರೆಡ್ಡಿನಂಥವು. ನಾನು ಹೇಳಿದ್ದು ಅವಳಿಗೆ ಸಾಕಾಗಲಿಲ್ಲ, ಕಣ್ಣಾರೆ ನೋಡಬೇಕೆಂದಳು. ಬೆಳಗ್ಗೆ ಬೇಗ ಎದ್ದು ಜೆಟ್ಟಿಗೆ ಹೋದೆವು. ಬಲೆ ಹಿಡಿದ ಕೆಲಸಗಾರರು ಇನ್ನೂ ಇದ್ದರು, ದೋಣಿಯ ತುಂಬ ಬಾಡಿದ ಚೆಂಡುಹೂವು. ಅಮ್ಮ ಕಂಬಿ ಹಿಡಿದು ಬಗ್ಗಿ, ಆ ರಾಶಿಯಲ್ಲಿ ಪಿನ್ ಇಲ್ಲದ, ನಾರಿನಲ್ಲಿ ಕಟ್ಟಿದ ಒಂದನ್ನು ಹುಡುಕುತ್ತಿದ್ದಳು.