ಹೊಲಿಗೆ ಪದಗಳು ನೆನಪಲ್ಲಿ ಉಳಿಯಬೇಕಾ? ಹಳೇ ಬ್ಲೌಸ್ ಬಿಚ್ಚಿ

ಹೊಸದಾಗಿ ಹೊಲಿಗೆ ಕಲಿಯುವವರು ಸುಮ್ನೆ ಪದಗಳನ್ನು ಬಾಯಿಪಾಠ ಮಾಡಬೇಡಿ. ಒಂದು ಹಳೇ ಬ್ಲೌಸಿನ ಹೊಲಿಗೆ ಬಿಚ್ಚಿ, ಒಂದೊಂದು ತುಂಡಿನ ಮೇಲೂ ಅದರ ಹೆಸರು ಬರೆಯಿರಿ: ಮುಂಭಾಗ, ಬೆನ್ನು, ತೋಳು, ಹುಕ್ ಪಟ್ಟಿ, ಸೊಂಟದ ಪಟ್ಟಿ, ಕತ್ತಿನ ಕ್ರಾಸ್ ಪೀಸ್ (ಓರೆಯಾಗಿ ಕತ್ತರಿಸಿದ ಪಟ್ಟಿ). ಆಕಾರ ನೋಡುತ್ತಾ ಬರೆದ ಹೆಸರು ಬೇಗ ಮರೆಯಲ್ಲ. ಒಳಗೆ ಬಿಟ್ಟ ಮಾರ್ಜಿನ್, ಅಂದರೆ ಹೊಲಿಗೆಯಾಚೆ ಉಳಿಸಿದ ಬಟ್ಟೆ, ಅಂತೂ ಬಣ್ಣ ಮಾಸದೆ ಎದ್ದು ಕಾಣುತ್ತದೆ. ಮುಂಭಾಗವನ್ನು ಬೆನ್ನಿನ ಮೇಲಿಟ್ಟು ನೋಡಿ, ಕಂಕುಳ ಶೇಪ್ ಮುಂದೆ ಜಾಸ್ತಿ ಆಳ ಇರುತ್ತದೆ. ಆದರೆ ಇದೇ ತುಂಡುಗಳನ್ನು ಅಳತೆಗೆ ಇಟ್ಟು ಹೊಸ ಬಟ್ಟೆ ಕತ್ತರಿಸಬೇಡಿ. ಬಟ್ಟೆಯನ್ನು ಓರೆಯಾಗಿ ಕತ್ತರಿಸಿ ಹೊಲಿದ ಕ್ರಾಸ್ ಕಟಿಂಗ್ ಬ್ಲೌಸ್ ಹಾಕಿ ಹಾಕಿ ಎಳೆದುಕೊಂಡಿರುತ್ತದೆ, ಅಲ್ವಾ? ಬಾಬಿನ್, ಶಟಲ್, ಟೆನ್ಷನ್ ಇಂಥ ಮೆಷಿನ್ ಪದಗಳಿಗೆಲ್ಲ ಈ ಉಪಾಯ ನಡೆಯಲ್ಲ, ಮೆಷಿನ್ ಮುಂದೆಯೇ ಕೂರಬೇಕು.